ಸಣ್ಣ ಪತ್ರಿಕೆಗೆ ದುಡ್ಡು ಎತ್ತುವುದು: ಯಾವ ದಾರಿ ಯಾರಿಗೆ ಸರಿ?

"ಟ್ರಸ್ಟ್ ಮಾಡಿ, 80ಜಿ ತಗೊಳ್ಳಿ, ದೇಣಿಗೆ ತಾನಾಗೇ ಬರುತ್ತೆ." ಬೆಂಗಳೂರಿನಲ್ಲಿ ಸಣ್ಣ ಪತ್ರಿಕೆ ನಡೆಸುವ ಯಾರೇ ಕಷ್ಟ ಹೇಳಿಕೊಂಡರೂ ಮೊದಲು ಸಿಗುವ ಸಲಹೆ ಇದು. 80ಜಿ ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವಂತೆ ಮಾಡುವ ಅನುಮತಿ. ಯಕ್ಷಗಾನದ ಮಾಸಿಕ ಇರಲಿ, ಕವಿತೆ-ವಿಮರ್ಶೆಯ ಕಿರುಪತ್ರಿಕೆ ಇರಲಿ, ಸಮುದಾಯದ ಸಂಘ ತರುವ ಪತ್ರಿಕೆ ಇರಲಿ, ಸಲಹೆ ಮಾತ್ರ ಒಂದೇ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಹೆಚ್ಚಿನ ಸಣ್ಣ ಪತ್ರಿಕೆಗಳಿಗೆ ಸ್ವಂತ ಟ್ರಸ್ಟ್ ಅನ್ನುವುದು ಕೊನೆಯ ದಾರಿಯಾಗಬೇಕು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ನಿಮ್ಮ ಲೆಕ್ಕದ ಪುಸ್ತಕ ತೆಗೆಯಿರಿ. ಉದಾಹರಣೆಗೆ ಸಾವಿರ ಪ್ರತಿ ಅಚ್ಚಾಗುವ ಒಂದು ಮಾಸಿಕ ತಗೊಳ್ಳಿ. ಡಿಟಿಪಿ, ಕಾಗದ, ಪ್ರೆಸ್ ಬಿಲ್, ಪಿನ್ನಿಂಗ್, ವಿಳಾಸದ ಲೇಬಲ್, ಅಂಚೆ ಎಲ್ಲ ಸೇರಿ ಪ್ರತಿಗೆ 25 ರೂಪಾಯಿ ಬೀಳುತ್ತೆ ಅಂದುಕೊಳ್ಳೋಣ. ತಿಂಗಳಿಗೆ 25 ಸಾವಿರ, ವರ್ಷಕ್ಕೆ 3 ಲಕ್ಷ. ವಾರ್ಷಿಕ ಚಂದಾ 200 ರೂಪಾಯಿ, ನಿಜವಾಗಿ ಕಟ್ಟುವವರು 600 ಜನ. ಬಂದದ್ದು 1.2 ಲಕ್ಷ. ಉಳಿದ 1.8 ಲಕ್ಷ ಪ್ರತಿ ವರ್ಷದ ತೂತು. ಈ ವರ್ಷ ಮನವಿ ಮಾಡಿ ಅಷ್ಟನ್ನೂ ದೇಣಿಗೆ ಎತ್ತಿದರೂ ಬರುವ ವರ್ಷ ಅದೇ ಜನರ ಮುಂದೆ ಅದೇ ತಟ್ಟೆ ಹಿಡಿದು ನಿಲ್ಲಬೇಕು. ಮೊದಲ ಸಲ ಸಾವಿರ ಕೊಟ್ಟವರು ಎರಡನೇ ಸಲ ಐನೂರು ಕೊಡುತ್ತಾರೆ, ಮೂರನೇ ಸಲ ಫೋನ್ ಎತ್ತುವುದಿಲ್ಲ. ಅವರ ತಪ್ಪೇನಿಲ್ಲ ಬಿಡಿ.

ಹಾಗಾಗಿ ಎರಡು ಪಟ್ಟಿ ಮಾಡಿ. ತಿಂಗಳು ತಿಂಗಳು ಬರುವ ಖರ್ಚು ಒಂದು. ಒಂದೇ ಸಲದ ಖರ್ಚು ಇನ್ನೊಂದು: ಹಳೇ ಸಂಚಿಕೆಗಳ ಸ್ಕ್ಯಾನಿಂಗ್, ವಿಶೇಷಾಂಕ, ಪ್ರೆಸ್‌ನ ಹಳೇ ಬಾಕಿ. ದೇಣಿಗೆ ಎರಡನೇ ಪಟ್ಟಿಗೆ ಚೆನ್ನಾಗಿ ಒಗ್ಗುತ್ತೆ. ಮೊದಲನೇ ಪಟ್ಟಿಗೆ ಚಂದಾನೇ ಬೇಕು.

ಚಂದಾ ಮತ್ತು ಪೋಷಕರು

ಇದು ಬೇಜಾರಿನ ದಾರಿ. ಆದರೆ ಮೊದಲು ಇದನ್ನೇ ಸರಿಮಾಡಿ, ಯಾಕಂದರೆ ತೂತಿನ ಅರ್ಧ ಇಲ್ಲೇ ಇರುತ್ತೆ.

ಆಜೀವ ಚಂದಾದಾರರ ವಿಷಯ ನೋಡಿ. ಸಾವಿರ ರೂಪಾಯಿ ಕೊಟ್ಟು ಆಜೀವ ಸದಸ್ಯರಾದವರಿಗೆ ಪ್ರತಿ ವರ್ಷ 300 ರೂಪಾಯಿಯ ಪತ್ರಿಕೆ ಹೋಗುತ್ತೆ. ಮೂರು ವರ್ಷ ನಾಲ್ಕು ತಿಂಗಳಿಗೆ ಅವರ ದುಡ್ಡು ಮುಗಿಯಿತು. ಆಮೇಲೆ ಇಪ್ಪತ್ತು ವರ್ಷ ನಿಮ್ಮ ಜೇಬಿನಿಂದ. ಆ ಸಾವಿರವನ್ನು ಖರ್ಚು ಮಾಡದೆ ಡಿಪಾಸಿಟ್ ಇಟ್ಟಿದ್ದರೂ 7% ಬಡ್ಡಿಗೆ ವರ್ಷಕ್ಕೆ 70 ರೂಪಾಯಿ. 300 ರೂಪಾಯಿ ಬಡ್ಡಿ ಬರಬೇಕಾದರೆ ಹತ್ತಿರ ಹತ್ತಿರ 4,300 ಇಡಬೇಕು, ಕಾಗದದ ರೇಟು ಏರುವುದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಆದ್ದರಿಂದ ಆಜೀವ ಅನ್ನುವುದನ್ನೇ ಇಂದಿನಿಂದ ನಿಲ್ಲಿಸಿ, ಐದು ಅಥವಾ ಹತ್ತು ವರ್ಷದ ಚಂದಾ ಮಾಡಿ. ಹಳಬರಿಗೆ ಕೊಟ್ಟ ಮಾತು ಮುರಿಯಬೇಡಿ. ಒಂದು ಕಾರ್ಡು ಹಾಕಿ, "ಪತ್ರಿಕೆ ತಲುಪುತ್ತಿದೆಯೇ, ಮುಂದುವರಿಸಬೇಕೇ" ಅಂತ ಕೇಳಿ ಸಾಕು. ತೀರಿಕೊಂಡವರು, ಬಸವನಗುಡಿಯ ಮನೆ ಮಾರಿ ಮಗನ ಅಪಾರ್ಟ್‌ಮೆಂಟಿಗೆ ಹೋದವರು, ಕಣ್ಣು ಮಂಜಾಗಿ ಓದುವುದನ್ನೇ ಬಿಟ್ಟವರು, ಇವರ ಹೆಸರಲ್ಲಿ ಪ್ರತಿ ತಿಂಗಳೂ ಲೇಬಲ್ ಅಂಟಿಸುತ್ತಿರುತ್ತೀರಿ. ಪಟ್ಟಿ ಸೋಸಿದರೆ ನೂರು ಪ್ರತಿ ಕಮ್ಮಿ ಅಚ್ಚು ಹಾಕಿದರೂ ನಡೆಯುತ್ತೆ ಅಂತ ಗೊತ್ತಾಗಬಹುದು. ಗೌರವ ಪ್ರತಿಗಳ ಪಟ್ಟಿಗೂ ಇದೇ ಮದ್ದು, ಅಲ್ಲಿ ಸ್ವಲ್ಪ ಧೈರ್ಯ ಜಾಸ್ತಿ ಬೇಕು ಅಷ್ಟೆ.

ಇನ್ನು ಪೋಷಕರು. ವರ್ಷಕ್ಕೆ 5,000 ಕೊಡುವ 36 ಜನ ಸಿಕ್ಕರೆ ಮೇಲಿನ ಉದಾಹರಣೆಯ ತೂತು ಪೂರ್ತಿ ಮುಚ್ಚುತ್ತೆ. 36 ಅನ್ನುವುದು ಹುಡುಕಬಹುದಾದ ಸಂಖ್ಯೆ. ಅವರಿಗೆ ರಕ್ಷಾಪುಟದ ಒಳಗೆ ಹೆಸರು, ವರ್ಷಕ್ಕೊಂದು ಲೆಕ್ಕದ ಪತ್ರ, ಅಷ್ಟು ಸಾಕು. ಜಾಹೀರಾತಿಲ್ಲದೆ ಓದುಗರ ದುಡ್ಡಿನಲ್ಲೇ ನಡೆಯಬಹುದು ಅನ್ನುವುದಕ್ಕೆ ಎಲ್ಲರೂ 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆಯ ಉದಾಹರಣೆ ಕೊಡುತ್ತಾರೆ. ಸರಿ, ಆದರೆ ಅದು ಅಂಗಡಿಯಲ್ಲಿ ತೂಗುಹಾಕಿ ಮಾರುತ್ತಿದ್ದ ವಾರಪತ್ರಿಕೆ. ಗಮಕದ ಮಾಸಿಕವನ್ನು ಮೆಜೆಸ್ಟಿಕ್‌ನಲ್ಲಿ ತೂಗುಹಾಕಿದರೆ ಯಾರು ಕೊಳ್ಳುತ್ತಾರೆ?

ಸಂಪಾದಕರ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದು

ವಾಟ್ಸಾಪ್‌ನಲ್ಲಿ ಒಂದು ಮನವಿ, ಕೆಳಗೆ ಸಂಪಾದಕರ ಫೋನ್‌ಪೇ ನಂಬರ್. ಎಲ್ಲಕ್ಕಿಂತ ಸುಲಭ. ಹಬ್ಬದ ವಿಶೇಷಾಂಕಕ್ಕೆ ಇಪ್ಪತ್ತು ಮೂವತ್ತು ಸಾವಿರ ಬೇಕಿದ್ದರೆ ಇದಕ್ಕಿಂತ ದೊಡ್ಡ ವ್ಯವಸ್ಥೆ ಬೇಡವೇ ಬೇಡ.

ಆದರೆ ಒಂದು ಮಿತಿ ಇದೆ, ಬಹಳ ಜನರಿಗೆ ಗೊತ್ತಿರುವುದಿಲ್ಲ. ಸಂಬಂಧಿಕರಲ್ಲದವರಿಂದ ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಬಂದ ಉಡುಗೊರೆ ಹಣ ಒಟ್ಟು 50,000 ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಮೊತ್ತಕ್ಕೆ ಅವರ ಆದಾಯದ ಜೊತೆ ಸೇರಿಸಿ ತೆರಿಗೆ ಬೀಳುತ್ತೆ. ನಿವೃತ್ತ ಮೇಷ್ಟ್ರು ಒಬ್ಬರು ಪತ್ರಿಕೆ ನಡೆಸುತ್ತಿದ್ದು, ಅವರ ಪಿಂಚಣಿ ಖಾತೆಗೇ ಒಂದು ಲಕ್ಷ ದೇಣಿಗೆ ಬಂದರೆ ಅದು ಯಾರ ದುಡ್ಡು ಅಂತ ಆಮೇಲೆ ವಿವರಿಸುವುದು ಕಷ್ಟ. ಕನಿಷ್ಠ ಪತ್ರಿಕೆಯ ಹೆಸರಲ್ಲಿ ಬೇರೆ ಖಾತೆ ಮಾಡಿ. ಕೊಟ್ಟವರಿಗೆ ಪತ್ರಿಕೆ ಕಳಿಸುವುದಾದರೆ ಚಂದಾ ಅಂತಲೇ ರಸೀದಿ ಹರಿಯಿರಿ.

ಸ್ವಂತ ಟ್ರಸ್ಟ್, 12ಎ, 80ಜಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 80ಜಿ ದಾನಿಗೆ ಸಿಗುವ ರಿಯಾಯಿತಿ, 12ಎ ಅಂದರೆ ಟ್ರಸ್ಟ್‌ನ ಆದಾಯಕ್ಕೇ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ, ನಾನು ಜನ ಕರೆಯುವ ಹಳೇ ಹೆಸರಲ್ಲೇ ಹೇಳುತ್ತೇನೆ.

80ಜಿ ಇದ್ದರೆ ದಾನಿಗೆ ಏನು ಸಿಗುತ್ತೆ? ಸಾಮಾನ್ಯ ಟ್ರಸ್ಟ್‌ಗೆ ಕೊಟ್ಟದ್ದರಲ್ಲಿ 50% ಅವರ ಆದಾಯದಿಂದ ಕಳೆಯಬಹುದು, ಅದಕ್ಕೂ ಮೇಲ್ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಐಟಿ ಕಂಪನಿಯಲ್ಲಿರುವ ನಿಮ್ಮ ಓದುಗರ ಮಗಳು ಹೊಸ ಪದ್ಧತಿಯಲ್ಲಿದ್ದರೆ ನಿಮ್ಮ 80ಜಿ ರಸೀದಿ ಅವಳಿಗೆ ಬರೀ ಒಂದು ಕಾಗದ. ಅಂದರೆ ಯಾರನ್ನು ಸೆಳೆಯಲು ಇಷ್ಟೆಲ್ಲ ಮಾಡುತ್ತೀರೋ ಅವರಿಗೇ ಅದು ಬೇಕಾಗಿಲ್ಲ.

ನಿಮ್ಮ ಕಡೆಯ ಕೆಲಸ ನೋಡಿ. ಟ್ರಸ್ಟ್ ಡೀಡ್ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಸಂಘ ಮಾಡುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ 7 ಜನ ಬೇಕು, ವರ್ಷ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಸಲ್ಲಿಕೆ. 80ಜಿ ಮೊದಲು ತಾತ್ಕಾಲಿಕವಾಗಿ 3 ವರ್ಷಕ್ಕೆ ಸಿಗುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಪ್ರತಿ ವರ್ಷ ಮೇ 31ರೊಳಗೆ ಎಲ್ಲ ದಾನಿಗಳ ಹೆಸರು, ಪ್ಯಾನ್, ಮೊತ್ತ ತುಂಬಿ 10ಬಿಡಿ ಫಾರಂ ಹಾಕಬೇಕು, ತಡವಾದರೆ ದಿನಕ್ಕೆ 200 ರೂಪಾಯಿ. ಪುಸ್ತಕ ಬಿಡುಗಡೆ ದಿನ ಬಾಗಿಲಲ್ಲಿ ಹುಂಡಿ ಇಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೆಸರು, ವಿಳಾಸ ಇಲ್ಲದ ದೇಣಿಗೆ ಒಂದು ಲಕ್ಷ ಅಥವಾ ಒಟ್ಟು ದೇಣಿಗೆಯ 5%, ಯಾವುದು ಜಾಸ್ತಿಯೋ ಅದನ್ನು ದಾಟಿದರೆ ದಾಟಿದ ಭಾಗಕ್ಕೆ 30% ತೆರಿಗೆ ಇದೆ ಅನ್ನುವುದು ನೆನಪಿರಲಿ. ನಮ್ಮ ಹುಂಡಿಗಳು ಅಷ್ಟು ತುಂಬುವುದಿಲ್ಲ, ಅದು ಬೇರೆ ಮಾತು.

ನಿಜವಾದ ತೊಡಕು ಮೂರು.

ಮೊದಲನೆಯದು ಮಾಲೀಕತ್ವ. ಸಣ್ಣ ಪತ್ರಿಕೆಗಳ ಶೀರ್ಷಿಕೆ ಸಾಮಾನ್ಯವಾಗಿ ಸಂಪಾದಕರ ಸ್ವಂತ ಹೆಸರಲ್ಲಿರುತ್ತೆ. ಟ್ರಸ್ಟ್ ದೇಣಿಗೆ ಎತ್ತಿ, ಆ ಟ್ರಸ್ಟ್‌ನ ಟ್ರಸ್ಟಿಯೇ ಮಾಲೀಕನಾದ ಪತ್ರಿಕೆಗೆ ಖರ್ಚು ಮಾಡಿದರೆ ಅದು ಟ್ರಸ್ಟಿಗೆ ಮಾಡಿಕೊಟ್ಟ ಲಾಭ ಅಂತ ತೆರಿಗೆ ಇಲಾಖೆ ಹಿಡಿಯಬಹುದು. ಹಾಗಾಗಿ ಮೊದಲು ಶೀರ್ಷಿಕೆ ಟ್ರಸ್ಟ್ ಹೆಸರಿಗೆ ಹೋಗಬೇಕು. 1867ರ ಹಳೇ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸ ನಿಯತಕಾಲಿಕೆಗಳ ಕಾಯ್ದೆ ಜಾರಿಗೆ ಬಂದ ಮೇಲೆ ಇದೆಲ್ಲ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ ಆಗುವ ಕೆಲಸ. ಪೋರ್ಟಲ್ ಕಷ್ಟ ಅಲ್ಲ. ಮೂವತ್ತು ವರ್ಷ ಬೆಳೆಸಿದ ಹೆಸರನ್ನು ಸಂಪಾದಕರು ಬಿಟ್ಟುಕೊಡುವುದು ಕಷ್ಟ. ಇದನ್ನು ಮಾತಾಡದೆ ಟ್ರಸ್ಟ್ ಮಾಡಿದರೆ ನಾಳೆ ಜಗಳ ಗ್ಯಾರಂಟಿ.

ಎರಡನೆಯದು ಜಾಹೀರಾತು. ಸಾರ್ವಜನಿಕ ಉಪಯೋಗದ ಕೆಲಸ ಅಂತ ನೋಂದಾಯಿಸಿದ ಟ್ರಸ್ಟ್‌ಗೆ ವ್ಯಾಪಾರದ ರೀತಿಯ ಆದಾಯ ಒಟ್ಟು ಆದಾಯದ 20% ದಾಟುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಲವು ಸಂಸ್ಥೆಗಳ ಪ್ರಕರಣ ಒಟ್ಟಿಗೆ ತೀರ್ಮಾನಿಸಿದಾಗ ಅದರಲ್ಲಿ ಟ್ರಿಬ್ಯೂನ್ ಪತ್ರಿಕೆಯ ಟ್ರಸ್ಟ್ ಕೂಡ ಇತ್ತು. ಜಾಹೀರಾತಿನ ಆದಾಯ ವ್ಯಾಪಾರವೇ ಅಂದಿತು ಕೋರ್ಟ್, ಅವರಿಗೆ ವಿನಾಯಿತಿ ಸಿಗಲಿಲ್ಲ. ಅಷ್ಟು ದೊಡ್ಡ ಹಳೇ ಟ್ರಸ್ಟ್‌ನ ಕಥೆಯೇ ಹೀಗಾದರೆ, ದೀಪಾವಳಿ ಸಂಚಿಕೆಗೆ ಒಡವೆ ಅಂಗಡಿ, ಕೇಟರಿಂಗ್‌ನವರ ಜಾಹೀರಾತು ತುಂಬುವ ನಾವು ಹುಷಾರಾಗಿರಬೇಕು, ಅಲ್ವಾ? ಮೇಲಿನ ಉದಾಹರಣೆಯ ಪತ್ರಿಕೆಗೆ ವರ್ಷಕ್ಕೆ 3 ಲಕ್ಷ ಬಂದರೆ 60 ಸಾವಿರ ಗೆರೆ. ಎರಡು ವಿಶೇಷಾಂಕದ ಜಾಹೀರಾತಿಗೇ ಅದು ದಾಟಿಬಿಡಬಹುದು. ಚಂದಾ ದುಡ್ಡನ್ನೂ ಅದೇ ಲೆಕ್ಕಕ್ಕೆ ಹಿಡಿಯುತ್ತಾರಾ ಅಂತ ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಿ.

ಮೂರನೆಯದು ಸಮುದಾಯದ ಪತ್ರಿಕೆಗಳಿಗೆ ಮಾತ್ರ. ಒಂದು ಜಾತಿ ಅಥವಾ ಧರ್ಮದವರ ಅನುಕೂಲಕ್ಕೇ ಇರುವ ಸಂಸ್ಥೆಗೆ 80ಜಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳನ್ನು ಕಾನೂನು ಹಾಗೆ ಎಣಿಸುವುದಿಲ್ಲ. ವಧೂವರ ಪುಟ, ಸಮುದಾಯದ ಸುದ್ದಿ, ಮಠದ ಕಾರ್ಯಕ್ರಮ ಇರುವ ಸಂಘದ ಪತ್ರಿಕೆಗೆ 80ಜಿ ಕನಸು ಬೇಡ. ಹಾಗೆ ನೋಡಿದರೆ ಅವರಿಗೆ ಬೇಕಾಗಿಯೂ ಇಲ್ಲ. ಸಂಘದ ಸದಸ್ಯತ್ವದ ಶುಲ್ಕದಲ್ಲೇ ಪತ್ರಿಕೆಯ ಖರ್ಚು ಸೇರಿಸಿಬಿಡಬಹುದು, ಉಳಿದವರಿಗೆ ಆ ಭಾಗ್ಯ ಇಲ್ಲ.

ಹಾಗಾದರೆ ಟ್ರಸ್ಟ್ ಯಾರಿಗೆ ಸರಿ? ಸಂಪಾದಕರ ನಂತರವೂ ಪತ್ರಿಕೆ ನಡೆಯಲೇಬೇಕು, ಮುಂದೆ ನಡೆಸುವವರು ಇದ್ದಾರೆ ಅನ್ನುವವರಿಗೆ. ಮುಂಬೈಯ ಇಪಿಡಬ್ಲ್ಯು (ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ) 1966ರಿಂದ ಸಮೀಕ್ಷಾ ಟ್ರಸ್ಟ್ ಅಡಿಯಲ್ಲೇ ಬರುತ್ತಿದೆ, ಎಷ್ಟೋ ಸಂಪಾದಕರು ಬಂದು ಹೋದರು, ಪತ್ರಿಕೆ ಉಳಿಯಿತು. ಟ್ರಸ್ಟ್‌ನ ಲಾಭ ಅದು. ದುಡ್ಡು ಆಮೇಲಿನ ಮಾತು.

ಇರುವ ಸಂಸ್ಥೆಯ ನೆರಳು

ಇದು ನನಗೆ ಹೆಚ್ಚು ಇಷ್ಟವಾದ ದಾರಿ. ನಿಮ್ಮ ವಿಷಯಕ್ಕೇ ಸೇರಿದ, ಈಗಾಗಲೇ 12ಎ, 80ಜಿ ಇರುವ ಒಂದು ಸಂಸ್ಥೆ ಹುಡುಕಿ. ನಾಟಕ ತಂಡದ ಟ್ರಸ್ಟ್, ಸಂಗೀತ ಸಭಾ, ವಿಜ್ಞಾನ ಸಂಘ, ಯಾವುದಾದರೂ. ಸಂಸ್ಥೆಯೇ ಪತ್ರಿಕೆ ತರುವುದು ನಮ್ಮಲ್ಲಿ ಹೊಸದಲ್ಲ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬಾಲವಿಜ್ಞಾನ ಮಾಸಿಕ ತಂದದ್ದು ಹೀಗೆಯೇ. ಎರಡು ವಿಷಯ ಮೊದಲೇ ನೋಡಿ: ಅವರ ಡೀಡ್‌ನ ಉದ್ದೇಶಗಳಲ್ಲಿ ಪ್ರಕಟಣೆ ಇದೆಯಾ, ಮತ್ತು ಬಿಲ್ ಅವರ ಹೆಸರಲ್ಲೇ ಆಗಿ ಅವರ ಖಾತೆಯಿಂದಲೇ ಪ್ರೆಸ್‌ಗೆ ದುಡ್ಡು ಹೋಗುತ್ತಾ. ಅವರು ದೇಣಿಗೆ ತಗೊಂಡು ಸುಮ್ನೆ ನಿಮಗೆ ದಾಟಿಸುವುದು ಬೇಡ. ಒಂದು ಪುಟದ ಒಪ್ಪಂದ ಬರೆದಿಡಿ. ಸಂಪಾದಕೀಯದಲ್ಲಿ ಅವರು ಕೈ ಹಾಕುವಂತಿಲ್ಲ ಅನ್ನುವ ಸಾಲು ಅದರಲ್ಲಿ ಇರಲೇಬೇಕು. ಅಧ್ಯಕ್ಷರ ಫೋಟೊ ಪ್ರತಿ ಸಂಚಿಕೆಯಲ್ಲಿ ಬರಬೇಕು ಅನ್ನುವ ಬೇಡಿಕೆ ಬಂದರೆ ಅಲ್ಲಿಂದ ಎದ್ದು ಬನ್ನಿ.

ಆನ್‌ಲೈನ್ ಕ್ರೌಡ್‌ಫಂಡಿಂಗ್ ಮತ್ತು ಸಹಾಯಾರ್ಥ ಪ್ರದರ್ಶನ

ಜನರಿಂದ ಆನ್‌ಲೈನ್‌ನಲ್ಲಿ ದುಡ್ಡು ಎತ್ತಿಕೊಡುವ ಮಿಲಾಪ್ ವೆಬ್‌ಸೈಟ್ ನಮ್ಮ ಬೆಂಗಳೂರಿನದೇ, 2010ರಲ್ಲಿ ಶುರುವಾದದ್ದು. ಕೆಟ್ಟೊ ಕೂಡ ಇದೆ. ಆದರೆ ಅಲ್ಲಿಗೆ ಹೋಗಿ ನೋಡಿ, ಐಸಿಯುನಲ್ಲಿರುವ ಮಗುವಿನ ಫೋಟೊ ಪಕ್ಕದಲ್ಲಿ "ನಮ್ಮ ಸಾಹಿತ್ಯ ಮಾಸಿಕ ಉಳಿಸಿ" ಅಂತ ಇದ್ದರೆ ಅಪರಿಚಿತರು ಯಾವುದಕ್ಕೆ ಕೊಡುತ್ತಾರೆ? ಕೊಡಬೇಕಾದದ್ದೂ ಮಗುವಿಗೇ. ಅಲ್ಲಿ ನಿಮಗೆ ಕೊಡುವವರು ನೀವೇ ಲಿಂಕ್ ಕಳಿಸಿದ ನಿಮ್ಮ ಓದುಗರೇ. ಹೊಸಬರು ಬರುತ್ತಾರೆ ಅಂತ ಲೆಕ್ಕ ಹಾಕಬೇಡಿ. ಲೂಸಿಯಾ ಸಿನಿಮಾ 2013ರಲ್ಲಿ ಜನರ ದುಡ್ಡಲ್ಲೇ ಬಂತಲ್ಲ ಅಂತ ಯಾರೋ ಒಬ್ಬರು ಖಂಡಿತ ಹೇಳುತ್ತಾರೆ. ಅಲ್ಲಿ ದುಡ್ಡು ಹಾಕಿದವರು ಹೂಡಿಕೆದಾರರು, ದಾನಿಗಳಲ್ಲ. ಕ್ರೌಡ್‌ಫಂಡಿಂಗ್ ಕೆಲಸ ಮಾಡುವುದು ಒಂದು ಸ್ಪಷ್ಟ ಕೆಲಸಕ್ಕೆ: "ಇಪ್ಪತ್ತು ವರ್ಷದ ಸಂಚಿಕೆ ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಸಿಗುವ ಹಾಗೆ ಮಾಡಲು 80 ಸಾವಿರ ಬೇಕು." ಅಷ್ಟು ಕೇಳಿ, ಮುಗಿಸಿ, ತೋರಿಸಿ.

ಸಹಾಯಾರ್ಥ ಪ್ರದರ್ಶನ ನಮ್ಮ ಹಳೇ ಪದ್ಧತಿ. ಪರಿಚಯದ ತಂಡ ಒಂದು ನಾಟಕವನ್ನೋ ತಾಳಮದ್ದಳೆಯನ್ನೋ ನಿಮಗಾಗಿ ಆಡಿಕೊಡುತ್ತೆ. ರವೀಂದ್ರ ಕಲಾಕ್ಷೇತ್ರ ದೊಡ್ಡದು, ಖಾಲಿ ಕುರ್ಚಿ ಕಣ್ಣಿಗೆ ಹೊಡೆಯುತ್ತೆ. ಹನುಮಂತನಗರದ ಕೆ.ಎಚ್. ಕಲಾಸೌಧದಂಥ ಜಾಗ ನೋಡಿ. ಬಾಡಿಗೆ, ಲೈಟು, ಮೈಕು, ಕಲಾವಿದರ ಊಟ-ತಿಂಡಿ, ಮಿನಿ ಬಸ್ ಕಳೆದರೆ ಕೈಗೆ ಬರುವುದು ಕಮ್ಮಿ. ಲಾಭ ಇರುವುದು ಬಾಗಿಲ ಪಕ್ಕದ ಟೇಬಲ್‌ನಲ್ಲಿ. ಯಕ್ಷಗಾನ ನೋಡಲು ಬಂದವರು ಯಕ್ಷಗಾನದ ಪತ್ರಿಕೆಗೆ ಚಂದಾ ಬರೆಸುತ್ತಾರೆ. ಟೇಬಲ್ ಹತ್ತಿರ ಚುರುಕಾದ ಇಬ್ಬರನ್ನು ಕೂರಿಸಿ, ರಸೀದಿ ಪುಸ್ತಕ, ಕ್ಯೂಆರ್ ಕೋಡ್, ಹಳೇ ಸಂಚಿಕೆಗಳ ಕಟ್ಟು ಇಡಿ. ವಿಷಯಕ್ಕೆ ಒಂದು ಕಲೆ ಜೊತೆಗಿರುವ ಪತ್ರಿಕೆಗೆ ಕ್ರೌಡ್‌ಫಂಡಿಂಗ್‌ಗಿಂತ ಇದೇ ಮೇಲು. ವಿಮರ್ಶೆಯ ಪತ್ರಿಕೆಗೆ ಪ್ರದರ್ಶನ ಮಾಡಲು ಏನೂ ಇರುವುದಿಲ್ಲ ಪಾಪ.

ಕಂಪನಿ ಮತ್ತು ಸರ್ಕಾರ

ಸಿಎಸ್‌ಆರ್ (ಕಂಪನಿಗಳು ಸಾಮಾಜಿಕ ಹೊಣೆ ಅಂತ ಮಾಡುವ ಖರ್ಚು) ಬಗ್ಗೆ ಚುಟುಕಾಗಿ. ಇಷ್ಟು ಗಾತ್ರ, ಲಾಭ ಇರುವ ಕಂಪನಿಗಳು ಸರಾಸರಿ ಲಾಭದ 2% ಖರ್ಚು ಮಾಡಬೇಕು ಅನ್ನುವುದು ನಿಜ, ಕಲೆ ಸಂಸ್ಕೃತಿಯೂ ಪಟ್ಟಿಯಲ್ಲಿದೆ. ಆದರೆ ದುಡ್ಡು ತಗೊಳ್ಳುವ ಸಂಸ್ಥೆಗೆ 12ಎ, 80ಜಿ, ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ ಬೇಕು. ಸಾವಿರ ಪ್ರತಿಯ ಪತ್ರಿಕೆ ಇದರ ಹಿಂದೆ ಓಡುವುದು ಸಮಯ ದಂಡ. ಸರ್ಕಾರಿ ಶಾಲೆ ಮಕ್ಕಳಿಗೆ ಕಾರ್ಯಾಗಾರದಂಥ ಯೋಜನೆ ಇದ್ದರೆ, ಅದೂ ನೆರಳು ಕೊಟ್ಟ ಸಂಸ್ಥೆಯ ಮೂಲಕ, ಕೇಳಿ ನೋಡಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕಿ, ಆದರೆ ಆ ದುಡ್ಡು ಬಂತು ಅಂತ ಅಂದುಕೊಂಡು ಪ್ರೆಸ್‌ಗೆ ಆರ್ಡರ್ ಕೊಡಬೇಡಿ.

ವಿದೇಶದ ಓದುಗರು

ಇಲ್ಲಿ ಎಡವಿದರೆ ಜೋರು ಪೆಟ್ಟು. ನೋಂದಾಯಿತ ಪತ್ರಿಕೆಯ ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕ, ಅಂಕಣಕಾರ, ವ್ಯಂಗ್ಯಚಿತ್ರಕಾರ ಯಾರೂ ವಿದೇಶಿ ದೇಣಿಗೆ ತಗೊಳ್ಳುವಂತಿಲ್ಲ ಅನ್ನುತ್ತೆ 2010ರ ಎಫ್‌ಸಿಆರ್‌ಎ ಕಾಯ್ದೆ. ನ್ಯೂಜೆರ್ಸಿಯಲ್ಲಿರುವ ನಿಮ್ಮ ಅಕ್ಕನ ಮಗ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಕೈಯಲ್ಲಿ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ಅಂಥವರಿಂದ ದೇಣಿಗೆ ಬೇಡ, ಸರಿಯಾದ ಬೆಲೆಗೆ ಚಂದಾ ಮಾಡಿಸಿ, ಬಿಲ್ ಕೊಡಿ, ಪತ್ರಿಕೆ ಕಳಿಸಿ. ಅಲ್ಲಿನ ಕನ್ನಡ ಕೂಟ ಒಟ್ಟಿಗೆ ದುಡ್ಡು ಕಳಿಸುತ್ತೇವೆ ಅಂದರೆ ಕೈ ಮುಗಿದು ಬೇಡ ಅನ್ನಿ.

ದೇಣಿಗೆಯೇ ಬೇಡ, ಮಾಸಿಕವನ್ನು ತ್ರೈಮಾಸಿಕ ಮಾಡೋಣ ಅನ್ನುವವರೂ ಇದ್ದಾರೆ. ತಪ್ಪಿಲ್ಲ. ಆದರೆ ಅಂಚೆಯ ಲೆಕ್ಕ ನೋಡಿಕೊಳ್ಳಿ. ನೋಂದಾಯಿತ ಪತ್ರಿಕೆಗೆ ಪೈಸೆ ಲೆಕ್ಕದಲ್ಲಿ ಸಿಗುವ ರಿಯಾಯಿತಿ ದರ, 31 ದಿನಕ್ಕೆ ಮೀರದ ಅಂತರದಲ್ಲಿ ಬರುವ ಪತ್ರಿಕೆಗೆ ಮಾತ್ರ. ಮೈಸೂರು ರಸ್ತೆಯ ಪಿಎಸ್‌ಓದಲ್ಲಿ (ಪತ್ರಿಕೆಗಳನ್ನು ವಿಂಗಡಿಸುವ ಅಂಚೆ ಕಚೇರಿ) ತಿಂಗಳ ಗೊತ್ತಾದ ದಿನ ಕಟ್ಟು ಇಳಿಸುತ್ತಿದ್ದವರು ತ್ರೈಮಾಸಿಕ ಆದ ಮೇಲೆ ಪ್ರತಿಗೆ ಹತ್ತಾರು ರೂಪಾಯಿ ಅಂಟಿಸಬೇಕಾಗಬಹುದು. ಮುದ್ರಣದಲ್ಲಿ ಉಳಿದದ್ದರಲ್ಲಿ ಒಂದು ಪಾಲು ಅಂಚೆಗೆ ಹೋಗುತ್ತೆ.

ಇಷ್ಟರಲ್ಲಿ ಆರಿಸಿ ಅಂದರೆ ನಾನು ಹೇಳುವುದು ಹೀಗೆ. ಐನೂರು ಪ್ರತಿಯ ಸಾಹಿತ್ಯ ಪತ್ರಿಕೆಗೆ ಪಟ್ಟಿ ಸೋಸಿ ಇಪ್ಪತ್ತು ಪೋಷಕರನ್ನು ಹುಡುಕುವುದೇ ಸಾಕು. ಕಲೆಗೆ ಸೇರಿದ ಮಾಸಿಕ ಒಂದು ಸಂಸ್ಥೆಯ ನೆರಳಿಗೆ ಹೋಗಿ ವರ್ಷಕ್ಕೊಂದು ಪ್ರದರ್ಶನ ಇಟ್ಟುಕೊಳ್ಳಲಿ. ಸಂಘದ ಪತ್ರಿಕೆ ಸದಸ್ಯತ್ವ ಶುಲ್ಕ ಏರಿಸಲಿ, ಬೈಯುವವರು ಎರಡು ಸಭೆ ಬೈದು ಸುಮ್ಮನಾಗುತ್ತಾರೆ. ಎರಡು ಸಾವಿರ ಪ್ರತಿ ದಾಟಿ, ನಡೆಸಲು ಎರಡನೇ ತಲೆಮಾರು ಸಿದ್ಧ ಇರುವವರು ಮಾತ್ರ ಟ್ರಸ್ಟ್ ಯೋಚಿಸಲಿ.

ಮನವಿ ಬರೆಯುವಾಗ "ಕನ್ನಡ ಉಳಿಸಿ" ಅಂತ ಶುರು ಮಾಡಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಎಷ್ಟು ಪ್ರತಿ, ಪ್ರತಿಗೆ ಎಷ್ಟು ಖರ್ಚು, ಎಷ್ಟು ಕಮ್ಮಿ ಬಿದ್ದಿದೆ, ಯಾವ ತಾರೀಖಿನೊಳಗೆ ಬೇಕು, ಬರದಿದ್ದರೆ ಏನು ಮಾಡುತ್ತೀರಿ, ಇಷ್ಟನ್ನೂ ಅರ್ಧ ಪುಟದಲ್ಲಿ ಹಾಕಿ. ಖಾತೆ ಪತ್ರಿಕೆಯ ಹೆಸರಲ್ಲಿರಲಿ. ಯುಪಿಐ ಕಳಿಸುವಾಗ ನೋಟ್‌ನಲ್ಲಿ ಹೆಸರು, ಊರು, "ಚಂದಾ" ಅಥವಾ "ದೇಣಿಗೆ" ಅಂತ ಬರೆಯಲು ದಪ್ಪಕ್ಷರದಲ್ಲಿ ಹೇಳಿ, ಇಲ್ಲದಿದ್ದರೆ ಮಾರ್ಚ್ ಕೊನೆಗೆ ಯಾರದೋ 500, ಯಾರದೋ 1,001 ಹಿಡಿದುಕೊಂಡು ಸ್ಟೇಟ್‌ಮೆಂಟ್ ಮುಂದೆ ಕೂರಬೇಕಾಗುತ್ತೆ.